ಮುಂಬಯಿಯಿಂದ ಹಿಮಶಿಖರಕ್ಕೆ: ಪರ್ವತಾರೋಹಣ ಯಾತ್ರೆಯ ಪೂರ್ವಸಿದ್ಧತೆ

ಕಡಲ ಮಟ್ಟದಲ್ಲಿರುವ ಮುಂಬಯಿಗೂ ಹಿಮಾಲಯಕ್ಕೂ ಇರುವ ನಂಟು ಹಳೆಯದು. 1928ರಲ್ಲಿ ದೆಹಲಿಯಲ್ಲಿ ಸ್ಥಾಪನೆಗೊಂಡ ಹಿಮಾಲಯನ್ ಕ್ಲಬ್ಬಿನ ಕಚೇರಿ ಇಂದು ಈ ಮಹಾನಗರದಲ್ಲಿದೆ. 1929ರಲ್ಲಿ ಆರಂಭವಾದ ಅದರ 'ಹಿಮಾಲಯನ್ ಜರ್ನಲ್' ಪತ್ರಿಕೆಯನ್ನು ಮುಂಬಯಿಯ ಪರ್ವತಾರೋಹಿ ಹರೀಶ್ ಕಪಾಡಿಯಾ ಅವರು ದೀರ್ಘಕಾಲ ಸಂಪಾದಿಸಿದರು. 1954ರಲ್ಲಿ ಹುಟ್ಟಿದ 'ಗಿರಿವಿಹಾರ' ನಗರದ ಹಿರಿಯ ಪರ್ವತಾರೋಹಣ ಸಂಸ್ಥೆಗಳಲ್ಲೊಂದು. ನಮ್ಮ ಕುಟುಂಬಗಳ ಯುವಕ ಯುವತಿಯರೂ ಸಹ್ಯಾದ್ರಿಯ ಕೋಟೆಗಳಿಂದ ಆರಂಭಿಸಿ ಹಿಮಶಿಖರಗಳತ್ತ ದೃಷ್ಟಿ ಹರಿಸುತ್ತಿರುವ ಈ ಕಾಲದಲ್ಲಿ, ಇಂತಹ ಯಾತ್ರೆಯೊಂದು ಹೇಗೆ ರೂಪುಗೊಳ್ಳುತ್ತದೆಂಬುದನ್ನು ಹಿರಿಯರು ಅರಿತಿರುವುದು ಅವಶ್ಯ.

ಅಭ್ಯಾಸ ಮತ್ತು ತರಬೇತಿ

ಮುಂಬಯಿಯ ಆರೋಹಿಗೆ ಮೊದಲ ಪಾಠಶಾಲೆ ಸಹ್ಯಾದ್ರಿ. ಕಾನ್ಹೇರಿ ಮತ್ತು ಮುಂಬ್ರಾದ ಬಂಡೆಗಳಲ್ಲಿ ಹಗ್ಗದ ಬಳಕೆ ಕರಗತವಾಗುತ್ತದೆ. ಆದರೆ ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ ಕಳಸೂಬಾಯಿಯ ಎತ್ತರವೇ 1,646 ಮೀಟರ್; ಅಲ್ಲಿ ಹಿಮವಿಲ್ಲ, ಉಸಿರಿನ ಕೊರತೆಯೂ ಇಲ್ಲ. ಆದ್ದರಿಂದ ಡಾರ್ಜಿಲಿಂಗ್, ಉತ್ತರಕಾಶಿ ಅಥವಾ ಮನಾಲಿಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಶಿಕ್ಷಣವನ್ನೂ, ಅದರಲ್ಲಿ ಉತ್ತಮ ಶ್ರೇಣಿ ಪಡೆದ ಬಳಿಕ ಉನ್ನತ ಶಿಕ್ಷಣವನ್ನೂ ಪೂರೈಸುವುದು ವಾಡಿಕೆ. ಅನಂತರ 6,000 ಮೀಟರಿನ ಶಿಖರಗಳು, ಬಳಿಕ 7,000 ಮೀಟರಿನವು, ಕೊನೆಗೆ 8,000 ಮೀಟರಿಗೂ ಮಿಗಿಲಾದವು: ಇದು ಅನುಭವಿಗಳು ಒಪ್ಪಿದ ಕ್ರಮ.

ಅನುಮತಿ, ಹಣ, ಸರಂಜಾಮು

ಭಾರತದ ಶಿಖರಗಳಿಗೆ ದೆಹಲಿಯ ಇಂಡಿಯನ್ ಮೌಂಟೇನಿಯರಿಂಗ್ ಫೌಂಡೇಶನ್ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಗಡಿ ಪ್ರದೇಶಗಳಲ್ಲಿ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ. ನೇಪಾಳದ ಕಡೆಯಿಂದ ಎವರೆಸ್ಟ್ ಏರುವ ವಿದೇಶೀಯರು ವಸಂತ ಋತುವಿನಲ್ಲಿ ತೆರಬೇಕಾದ ಶುಲ್ಕವು 2025ರ ಸೆಪ್ಟೆಂಬರಿನಿಂದ ತಲಾ 11,000 ಡಾಲರಿನಿಂದ 15,000 ಡಾಲರಿಗೆ ಏರಿದೆ. ಇದು ಅನುಮತಿಯ ಹಣ ಮಾತ್ರ. ಶೆರ್ಪಾಗಳ ವೇತನ ಹಾಗೂ ವಿಮೆ, ಆಮ್ಲಜನಕದ ಸಿಲಿಂಡರುಗಳು, ಡೇರೆ, ಹಗ್ಗ, ಆಹಾರ, ಸಾಗಾಟ ಇವೆಲ್ಲದರ ವೆಚ್ಚ ಬೇರೆ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಮೀಸಲು ನಿಧಿಯೇ ಮುಖ್ಯ. ಹಣದಲ್ಲಿ ಮಾತ್ರವಲ್ಲ, ದಿನಗಳಲ್ಲಿ, ಆಹಾರದಲ್ಲಿ, ಆಮ್ಲಜನಕದಲ್ಲಿ, ದೇಹಶಕ್ತಿಯಲ್ಲಿಯೂ ಮೀಸಲು ಇರಬೇಕು. ಶಿಖರ ಮುಟ್ಟಲು ಎಲ್ಲವನ್ನೂ ವ್ಯಯಿಸಿದವನಿಗೆ ಇಳಿಯಲು ಏನೂ ಉಳಿಯದು.

ಎತ್ತರದ ನಿಯಮ

8,848.86 ಮೀಟರ್ ಎತ್ತರದ ಎವರೆಸ್ಟಿನ ನೆತ್ತಿಯಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಕಡಲ ಮಟ್ಟದಲ್ಲಿ ದೊರೆಯುವುದರ ಮೂರನೆಯ ಒಂದು ಭಾಗದಷ್ಟು. ದೇಹ ಇದಕ್ಕೆ ಒಗ್ಗಲು ವಾರಗಳೇ ಬೇಕು. ಆದ್ದರಿಂದ ಬೇಸ್ ಕ್ಯಾಂಪಿನ ಮೇಲೆ ಒಂದೊಂದಾಗಿ ಶಿಬಿರಗಳನ್ನು ಹೂಡಿ, ಹಗಲು ಮೇಲೇರಿ, ರಾತ್ರಿ ಕೆಳಗಿಳಿದು ಮಲಗುವ ಪದ್ಧತಿಯಿದೆ. 3,000 ಮೀಟರಿನ ನಂತರ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂದು ವೈದ್ಯರ ಸಲಹೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಅಥವಾ ಮೆದುಳು ಊದಿಕೊಂಡರೆ, ಆಮ್ಲಜನಕ ಮತ್ತು ಔಷಧಿಗಳು ನೆರವಾದರೂ, ತಡಮಾಡದೆ ಕೆಳಗಿಳಿಸುವುದೇ ಪ್ರಧಾನ ಚಿಕಿತ್ಸೆ.

ಹಿಂದಿರುಗುವ ಯೋಜನೆ

ಮುಂಬಯಿಯ ಪರ್ವತಾರೋಹಣದ ಇತಿಹಾಸ ಕಲಿಸುವ ದೊಡ್ಡ ಪಾಠ ಇದೇ. 1974ರಲ್ಲಿ ನಂದಾದೇವಿ ಅಭಯಾರಣ್ಯದ ದೇವ್‌ತೋಲಿಯಲ್ಲಿ ಹರೀಶ್ ಕಪಾಡಿಯಾ ಅವರು ಸುಮಾರು 6,200 ಮೀಟರ್ ಎತ್ತರದಲ್ಲಿ ಹಿಮದ ಬಿರುಕಿಗೆ ಬಿದ್ದರು. ಸೊಂಟದ ಕೀಲು ತಪ್ಪಿತು. ಸಂಗಾತಿಗಳು ಅವರನ್ನು ಹದಿಮೂರು ದಿನಗಳ ಕಾಲ ಹೊತ್ತು ಬೇಸ್ ಕ್ಯಾಂಪಿಗೆ ತಂದರು. ಅಲ್ಲಿಂದ ಹೆಲಿಕಾಪ್ಟರ್ ಕರೆದೊಯ್ದಿತು. ಮತ್ತೆ ಮೊದಲಿನಂತೆ ನಡೆಯಲು ಎರಡು ವರ್ಷ ಬೇಕಾಯಿತು.

ಅದೇ ಕಪಾಡಿಯಾ ಅವರು 1992ರಲ್ಲಿ ಬ್ರಿಟನ್ನಿನ ಕ್ರಿಸ್ ಬಾನಿಂಗ್ಟನ್ ಅವರೊಡನೆ ಕುಮಾಊಂ ಪ್ರಾಂತದ ಪಂಚಚೂಲಿ ಶಿಖರಗಳಿಗೆ ಜಂಟಿ ತಂಡವನ್ನು ಒಯ್ದರು. 1988ರಲ್ಲಿ ಕೃತಕ ಆಮ್ಲಜನಕವಿಲ್ಲದೆ ಎವರೆಸ್ಟ್ ಏರಿದ್ದ ಸ್ಟೀಫನ್ ವೆನೆಬಲ್ಸ್ ಆ ತಂಡದಲ್ಲಿದ್ದರು. ಐದನೆಯ ಪಂಚಚೂಲಿಯಿಂದ ಹಗ್ಗದ ಮೂಲಕ ಇಳಿಯುವಾಗ ಬಂಡೆಗೆ ಬಡಿದಿದ್ದ ಗೂಟ ಕಿತ್ತು ಬಂದು, ಅವರು ಕೆಳಗುರುಳಿ ಎರಡೂ ಕಾಲುಗಳಿಗೆ ಪೆಟ್ಟು ಮಾಡಿಕೊಂಡರು. ಸಂಗಾತಿಗಳ ಆರೈಕೆ ಹಾಗೂ ಭಾರತೀಯ ವಾಯುಪಡೆಯ ಹೆಲಿಕಾಪ್ಟರ್ ಚಾಲಕರ ಅಸಾಮಾನ್ಯ ಸಾಹಸದಿಂದ ಅವರ ಜೀವ ಉಳಿಯಿತು. ಪರಿಣತಿಯೊಂದೇ ರಕ್ಷಣೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮನೆಯವರು ಕೇಳಬೇಕಾದುದು

ಮಗನೋ ಮಗಳೋ ಎತ್ತರದ ಶಿಖರಕ್ಕೆ ಹೊರಟರೆ 'ಬೇಡ' ಎನ್ನುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳೋಣ. ನಾಯಕರು ಹಿಂದೆ ಯಾವ ಶಿಖರಗಳನ್ನು ಏರಿದ್ದಾರೆ, ಎಷ್ಟು ಬಾರಿ ನಡುದಾರಿಯಿಂದ ತಂಡವನ್ನು ಹಿಂದಿರುಗಿಸಿದ್ದಾರೆ? ಹವಾಮಾನ ಕೆಟ್ಟರೆ ಕಾಯಲು ಹೆಚ್ಚುವರಿ ದಿನಗಳಿವೆಯೆ? ವಿಮೆಯು ಅಷ್ಟು ಎತ್ತರದ ರಕ್ಷಣಾ ಕಾರ್ಯಕ್ಕೂ ಅನ್ವಯಿಸುವುದೆ? ಶಿಖರದತ್ತ ಹೊರಟ ದಿನ ಎಷ್ಟು ಗಂಟೆಯಾದರೆ ಹಿಂದಿರುಗಲೇಬೇಕೆಂದು ಮೊದಲೇ ನಿಶ್ಚಯಿಸಲಾಗಿದೆಯೆ?

ಇವಕ್ಕೆ ಸ್ಪಷ್ಟ ಉತ್ತರ ದೊರೆತರೆ ಹರಸಿ ಕಳುಹಿಸಬಹುದು. ದೊರೆಯದಿದ್ದರೆ ಒಂದು ವರ್ಷ ಕಾಯುವಂತೆ ಹೇಳುವುದೇ ಹಿತ. ಶಿಖರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.