ಪರದೆಯ ಹಿಂದಿನ ಗುರುಗಳು

ಇರಕಲ್ಲಗಡದ ಸುತ್ತಿನ ಊರುಗಳಿಗೆ ಪರದೆಯ ಕಲೆ ಹೊಸದಲ್ಲ. ಇದೇ ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಸಂದಿತು. ಬಿಳಿ ಬಟ್ಟೆ, ಹಿಂದೆ ದೀಪ, ನಡುವೆ ಬಣ್ಣದ ತೊಗಲು. ಹಿರಿಯರು ಆಡಿಸುವಾಗ ಪರದೆಯ ಹಿಂದೆ ಕೂತು ದನಿಗೂಡಿಸುತ್ತಲೇ ಮನೆಯ ಮಕ್ಕಳು ಕಲಿಯುವ ವಿದ್ಯೆ ಇದು. ಕನ್ನಡ ಸಿನಿಮಾವೂ ಬಹುಕಾಲ ಕಲಿತದ್ದು ಹೀಗೆಯೇ.

ಅದರ ಮೊದಲ ಪಾಠಶಾಲೆ ನಾಟಕ ಕಂಪನಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಟಿಸಿದ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಮನೆ ಬಿಟ್ಟು ಓಡಿಬಂದ ಹುಡುಗ ಬಿ.ವಿ. ಕಾರಂತರಿಗೆ ಆಶ್ರಯ ಕೊಟ್ಟದ್ದೂ, ಮುಂದೆ ಕಾಶಿಗೆ ಓದಲು ಕಳಿಸಿದ್ದೂ ವೀರಣ್ಣನವರೇ. ಆ ಋಣ ಮುಂದಕ್ಕೆ ಹರಿಯಿತು. 1975ರ ‘ಚೋಮನ ದುಡಿ’ಗೆ ಕಾರಂತರು ಸಹಾಯಕನಾಗಿ ಕರೆದುಕೊಂಡದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಗಿರೀಶ ಕಾಸರವಳ್ಳಿಯನ್ನು. ಎರಡೇ ವರ್ಷದಲ್ಲಿ ಕಾಸರವಳ್ಳಿ ‘ಘಟಶ್ರಾದ್ಧ’ ಮಾಡಿದಾಗ ಅದಕ್ಕೆ ಕಾರಂತರದೇ ಸಂಗೀತ. ಎರಡಕ್ಕೂ ಸ್ವರ್ಣಕಮಲ ಬಂತು. ಶಿಷ್ಯನ ಚಿತ್ರಕ್ಕೆ ಗುರು ದುಡಿದ ಈ ಪ್ರಸಂಗ ನನಗೆ ಆ ಪ್ರಶಸ್ತಿಗಳಿಗಿಂತ ದೊಡ್ಡದು.

ಕ್ಯಾಮೆರಾದವರ ದಾರಿ ಬೇರೆ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಮೈಸೂರಿನ ವಿ.ಕೆ. ಮೂರ್ತಿ ಮುಂಬಯಿಯಲ್ಲಿ ಗುರುದತ್ತರ ಕಣ್ಣಾದರು. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ ಗೋವಿಂದ ನಿಹಲಾನಿ ಮೂರ್ತಿಯವರ ಕೈಕೆಳಗೆ ಪಳಗಿ, 1973ರಲ್ಲಿ ಗಿರೀಶ ಕಾರ್ನಾಡರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಶಾಲೆ ಅಕ್ಷರ ಕಲಿಸಿತು, ಸೆಟ್ ಕಸುಬು ಕಲಿಸಿತು.

ಗಾಂಧಿನಗರದ ಪರಂಪರೆಯೂ ಕಡಿಮೆಯದಲ್ಲ. ಬಿ.ಆರ್. ಪಂತುಲು ಅವರಿಂದ ಪುಟ್ಟಣ್ಣ ಕಣಗಾಲ್, ಕಾಶಿನಾಥ್ ಅವರಿಂದ ಉಪೇಂದ್ರ. ಸಹಾಯಕ ನಿರ್ದೇಶಕನ ಮೊದಲ ಕೆಲಸ ಸಾಮಾನ್ಯವಾಗಿ ಕ್ಲ್ಯಾಪ್ ಹೊಡೆಯುವುದು, ಕಂಟಿನ್ಯುಟಿ ಬರೆಯುವುದು. ನಿನ್ನೆಯ ಶಾಟ್‌ನಲ್ಲಿ ನಾಯಕಿಯ ಸೆರಗು ಯಾವ ಹೆಗಲ ಮೇಲಿತ್ತು, ಲೋಟದಲ್ಲಿ ಎಷ್ಟು ಚಹಾ ಉಳಿದಿತ್ತು ಎಂದು ಬರೆದು ಬರೆದು, ದೃಶ್ಯ ಕಟ್ಟುವ ಬಗೆ ಅವನಿಗೆ ಗೊತ್ತಿಲ್ಲದಂತೆ ಕೈಗೆ ಬರುತ್ತದೆ.

ಈಚೆಗೆ ಬಾಗಿಲುಗಳು ಹೆಚ್ಚಿವೆ. ನಟೇಶ್ ಹೆಗಡೆಯವರ ‘ಪೆದ್ರೊ’ಗೆ ರಿಷಬ್ ಶೆಟ್ಟಿ ನಿರ್ಮಾಪಕರಾಗಿ ನಿಂತರು, ಚಿತ್ರ 2021ರಲ್ಲಿ ಬೂಸಾನ್ ಚಿತ್ರೋತ್ಸವ ಮುಟ್ಟಿತು. ಮೈಸೂರಿನ ವೈದ್ಯ ಚಿದಾನಂದ ನಾಯ್ಕ್ ಪುಣೆಯಲ್ಲಿ ವಿದ್ಯಾರ್ಥಿಯಾಗಿ ಮಾಡಿದ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ತಂದಿತು.

ಆದರೆ ಒಂದು ಕೊಂಡಿ ಕಳಚಿದೆ. ಕಂಪನಿಯಲ್ಲಿ ಪಾಠದ ಜೊತೆ ಊಟವೂ ಇತ್ತು, ಮಲಗಲು ಜಾಗವೂ ಇತ್ತು. ಈಗ ಇರಕಲ್ಲಗಡದ ಹುಡುಗಿಯೊಬ್ಬಳು ಸಹಾಯಕಿಯಾಗಬೇಕೆಂದರೆ ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರಲ್ಲಿ ರೂಮು ಹಿಡಿದು, ಸಂಬಳದ ಖಾತರಿಯಿಲ್ಲದೆ ದುಡಿಯಬೇಕು. ಗುರು ಸಿಕ್ಕರೂ ಬಾಡಿಗೆ ಕಟ್ಟುವವರು ಬೇಕಲ್ಲ. ಹಾಗಾಗಿ ಮನೆಯಲ್ಲಿ ಅನುಕೂಲವಿದ್ದವರೇ ಉಳಿಯುತ್ತಾರೆ, ಕಲ್ಯಾಣ ಕರ್ನಾಟಕದ ಮಾತೂ ಮಣ್ಣೂ ತೆರೆಗೆ ಬರುವುದು ಅಷ್ಟಕ್ಕಷ್ಟೆ. ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ಅದನ್ನು ಪಡೆಯುವ ಪ್ರತಿ ಚಿತ್ರತಂಡವೂ ಇಂಥ ಜಿಲ್ಲೆಗಳ ಒಬ್ಬ ಕಲಿಕಾರ್ಥಿಯನ್ನು ಊಟ, ವಸತಿ, ತಿಂಗಳ ಸಂಬಳ ಕೊಟ್ಟು ಇಟ್ಟುಕೊಳ್ಳಲೇಬೇಕೆಂಬ ನಿಯಮ ಬರಲಿ.