ಸಿಂದಿಯ ಸೀಮೆಯಲ್ಲಿ ವಿಸ್ಕಿಯ ಬೆಲೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಯಾವುದೇ ಮದ್ಯದಂಗಡಿಯಲ್ಲಿ ಕೊಟ್ಟ ರೊಕ್ಕಕ್ಕೆ ತಕ್ಕ ವಿಸ್ಕಿ ಯಾವುದೆಂದು ಕೇಳಿದರೆ ಬ್ರಾಂಡಿನ ಹೆಸರೊಂದು ಸಿಗುತ್ತದೆ. ಆ ಹೆಸರಿನಿಂದ ತಿಳಿಯುವುದು ಕಡಿಮೆ. ಅದೇ ಬಾಟಲಿಗೆ ಇಲ್ಲಿ ಒಂದು ದರ, ತೆಲಂಗಾಣದ ತಾಂಡೂರಿನಲ್ಲಿ ಇನ್ನೊಂದು, ಮಹಾರಾಷ್ಟ್ರದ ಸೋಲಾಪುರದಲ್ಲಿ ಮತ್ತೊಂದು. ಒಳಗಿರುವ ಮಾಲು ಒಂದೇ ಆಗಿದ್ದು ಬೆಲೆ ಮಾತ್ರ ಗಡಿ ದಾಟಿದೊಡನೆ ಬದಲಾಗುವುದಾದರೆ, ಆ ಬೆಲೆ ಮಾಲಿನದಲ್ಲ. ಈ ಸೀಮೆಯಲ್ಲಿ ಕುಡಿತದ ದರವನ್ನು ನಿಜಾಮರ ಕಾಲದಿಂದ ಇಂದಿನವರೆಗೂ ನಿಗದಿ ಮಾಡುತ್ತ ಬಂದದ್ದು ಖಜಾನೆ. ಧಾನ್ಯ, ಮರದ ಪೀಪಾಯಿ, ಕಾಲ ಇವೆಲ್ಲ ಅದರ ಹಿಂದೆ ನಿಂತವು. ಬೆಲೆಯನ್ನೇ ಗುಣದ ಅಳತೆಗೋಲು ಮಾಡಿಕೊಂಡವನು ಮೋಸ ಹೋಗುವುದು ಇದರಿಂದಲೇ ಎಂಬುದು ನನ್ನ ವಾದ.

ಇದೇ ಸೀಮೆಯಲ್ಲಿ, ಸಿಮೆಂಟ್ ಕಾರ್ಖಾನೆಯ ಕಾಲನಿಯಾಗಿ ಬೆಳೆದ ಆದಿತ್ಯನಗರದ ಮಗ್ಗುಲಲ್ಲೇ ಮಳಖೇಡವಿದೆ, ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದ ಅರಬ್ ಲೇಖಕ ಅಲ್ ಮಸೂದಿ ಇದನ್ನು ಮಾಂಕೀರ್ ಎಂದು ಕರೆದು, ಬಲ್ಹರಾ ಅರಸರ ರಾಜಧಾನಿ ಎಂದ. ಹಿಂದೂಗಳು ಮದ್ಯ ಮುಟ್ಟುವುದಿಲ್ಲ, ಅದು ಧರ್ಮದ ಕಟ್ಟಳೆಗಾಗಿ ಅಲ್ಲ, ಬುದ್ಧಿ ಮಂಕಾದೀತೆಂಬ ಭಯಕ್ಕೆ, ಕುಡಿದದ್ದು ಸಾಬೀತಾದರೆ ಅರಸನೂ ಪಟ್ಟ ಕಳೆದುಕೊಳ್ಳುತ್ತಾನೆ ಎಂದೂ ಆತ ಬರೆದಿದ್ದಾನೆ. ಮದ್ಯ, ಮಾಂಸ, ಮಧುವನ್ನು ಬಿಡುವುದೇ ಗೃಹಸ್ಥನ ಮೊದಲ ವ್ರತವೆನ್ನುವ ಜೈನ ವಿದ್ವಾಂಸರು ತುಂಬಿದ್ದ ಊರಿಗೆ ಈ ಚಿತ್ರ ಹೊಂದುತ್ತದೆ. ಆದರೆ ಅದು ಪ್ರವಾಸಿಗಳ ಕಿವಿಗೆ ಬಿದ್ದ ಅರಮನೆಯ ಆದರ್ಶ. ಕಾಗಿಣಾ ದಂಡೆಯ ಈಚಲ ಮರಗಳಿಗೆ ಗಡಿಗೆ ಕಟ್ಟುತ್ತಿದ್ದವರನ್ನು ಯಾವ ಅರಬ್ ವರ್ತಕನೂ ಮಾತಾಡಿಸಿರಲಾರ.

ಆ ಗಡಿಗೆ ದಾಖಲೆಗೆ ಬರುವುದು ಸುಂಕದ ಬಾಬ್ತಾದ ಮೇಲೆ. ಹೈದರಾಬಾದ್ ಸಂಸ್ಥಾನದ ಆದಾಯದಲ್ಲಿ ಭೂಕಂದಾಯ ಮತ್ತು ಕರೋಡಗಿರಿ ಎಂಬ ಸರಕು ಸುಂಕದ ಜೊತೆಗೆ ಅಬಕಾರಿಯೂ ದೊಡ್ಡ ಕಂಬವಾಗಿತ್ತು. ಈಚಲಿನ ಸಿಂದಿ, ತಾಳೆಯ ತಾಡಿ, ಇಪ್ಪೆ ಹೂವಿನಿಂದ ಭಟ್ಟಿ ಇಳಿಸಿದ ಸಾರಾಯಿ, ಇವುಗಳ ಮಾರಾಟದ ಹಕ್ಕು ಗುತ್ತಿಗೆಗೆ ಹೋಗುತ್ತಿತ್ತು. ಕಲಬುರಗಿ ಜಿಲ್ಲೆಯಲ್ಲಿ ಗುತ್ತೇದಾರ ಎಂಬುದು ಇಂದು ಮನೆತನದ ಹೆಸರಾಗಿಯೇ ಉಳಿದಿದೆ. ಗುತ್ತಿಗೆ ಹಿಡಿದವನು ಸರ್ಕಾರಕ್ಕೆ ಕಟ್ಟಿದ ಹಣವನ್ನು ಕುಡಿಯುವವನಿಂದ ವಸೂಲು ಮಾಡುತ್ತಿದ್ದ. ಮರ ಕೆತ್ತಿದವನ ಶ್ರಮಕ್ಕೂ ಗುಟುಕಿನ ಬೆಲೆಗೂ ಸಂಬಂಧ ತಪ್ಪಿದ್ದು ಅಲ್ಲಿಂದ. ಹಳ್ಳಿಯ ಕುಡುಕನಿಗೆ ರುಚಿಯ ಗೊಡವೆಯಿಲ್ಲ, ಅವನಿಗೆ ಬೇಕಾದದ್ದು ಅಮಲು ಮಾತ್ರ ಎಂದು ಪೇಟೆಯ ರಸಿಕರು ಆಕ್ಷೇಪಿಸಬಹುದು. ಸಿಂದಿಯ ಸಂಗತಿ ಅದನ್ನು ಒಪ್ಪುವುದಿಲ್ಲ. ನಸುಕಿನಲ್ಲಿ ಇಳಿಸಿದ್ದು ಸಿಹಿ, ಬಿಸಿಲೇರಿದಂತೆ ಹುಳಿ ಮತ್ತು ಖಾರ; ಈಚಲಿಗೆ ಚಳಿಗಾಲ, ತಾಳೆಗೆ ಬೇಸಿಗೆ. ಮರ, ಋತು, ಹೊತ್ತು ನೋಡಿ ಕುಡಿಯುತ್ತಿದ್ದವರಿಗೆ ಬಗೆಗಳನ್ನು ಗುರುತಿಸುವ ವಿದ್ಯೆಯನ್ನು ಸ್ಕಾಟ್‌ಲೆಂಡಿನವರು ಬಂದು ಕಲಿಸಬೇಕಿರಲಿಲ್ಲ. ಈ ಕಡೆಯ ಸಿಂದಿಯನ್ನು ಕೆಡಿಸಿದ್ದು ಸಿಎಚ್ ಪೌಡರ್, ಅಂದರೆ ನೀರಿಗೆ ಅಮಲು ತುಂಬುವ ಕ್ಲೋರಲ್ ಹೈಡ್ರೇಟ್. ಅದು ಕುಡಿಯುವವರ ಆಯ್ಕೆಯಾಗಿರಲಿಲ್ಲ, ಮಾರುವವರ ಲಾಭವಾಗಿತ್ತು.

ವಿಸ್ಕಿ ಈ ಸೀಮೆಯನ್ನು ಹಾದದ್ದು ರೈಲಿನೊಂದಿಗೆ. ಬೊಂಬಾಯಿ ಕಡೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗ ತೆರೆಯಿತು. ಬಂದರಿನಿಂದ ದಂಡಿಗೆ ಹೋಗುವ ಸಾಮಾನಿಗೆ ವಾಡಿಯೇ ತಿರುವು. ಅದೇ ದಶಕಗಳಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಫಿಲಾಕ್ಸೆರಾ ಎಂಬ ಹೇನು ತಿಂದುಹಾಕಿ ಬ್ರಾಂಡಿ ದುರ್ಲಭವಾಯಿತು, ಸಾಹೇಬರ ಲೋಟಕ್ಕೆ ಸ್ಕಾಚ್ ಬಂತು. ಅದೂ ಹಳೆಯ ತಾಮ್ರದ ಹಂಡೆಯ ಗಾಢ ಮಾಲ್ಟ್ ಅಲ್ಲ. 1830ರಲ್ಲಿ ಏನಿಯಸ್ ಕಾಫಿ ಪೇಟೆಂಟ್ ಪಡೆದ ಎತ್ತರದ ಕಂಬದ ಭಟ್ಟಿಯಲ್ಲಿ ಅಗ್ಗವಾಗಿ ಇಳಿಯುವ ತೆಳು ಧಾನ್ಯದ ಸ್ಪಿರಿಟಿಗೆ ಮಾಲ್ಟ್ ಬೆರೆಸಿದ ಮಿಶ್ರಣ. ಇದು ವಿಸ್ಕಿಯೇ ಅಲ್ಲವೆಂದು 1905ರಲ್ಲಿ ಲಂಡನ್ನಿನ ಇಸ್ಲಿಂಗ್‌ಟನ್ ಪುರಸಭೆ ಅಂಗಡಿಯವರನ್ನು ಕೋರ್ಟಿಗೆಳೆಯಿತು. ಕೊನೆಗೆ 1909ರಲ್ಲಿ ರಾಯಲ್ ಕಮಿಷನ್ ಮಿಶ್ರಣವೂ ವಿಸ್ಕಿಯೇ ಎಂದು ತೀರ್ಮಾನಿಸಿತು. ಭಾರತದ ವಿಸ್ಕಿಯನ್ನು ನೋಡಿ ಮೂಗು ಮುರಿಯುವವರು ನೆನಪಿಡಬೇಕಾದ ಸಂಗತಿ ಇದು: ವಿಸ್ಕಿಯ ತವರಿನಲ್ಲೂ ವ್ಯಾಖ್ಯೆಯನ್ನು ಬರೆದದ್ದು ವ್ಯಾಪಾರದ ಒತ್ತಡ.

ಹಾಗೆಂದು ಮೂಗು ಮುರಿಯುವುದಕ್ಕೆ ಕಾರಣವೇ ಇಲ್ಲವೆಂದಲ್ಲ. ಆ ಕಮಿಷನ್ ಭಟ್ಟಿಯ ವಿಷಯದಲ್ಲಿ ಸಡಿಲಿಸಿತು, ಧಾನ್ಯದ ವಿಷಯದಲ್ಲಿ ಸಡಿಲಿಸಲಿಲ್ಲ. ಇಲ್ಲಿ ಧಾನ್ಯವೇ ಬಿಟ್ಟುಹೋಯಿತು. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಸಿಕ್ಕಿದ ಮೇಲೆ ಮಂಡ್ಯ ಸೇರಿದಂತೆ ದೇಶದ ಹಲವೆಡೆ ಕಾರ್ಖಾನೆಗಳು ಎದ್ದವು, ಕಾಕಂಬಿಯ ರಾಶಿ ಬಿತ್ತು. ಸ್ವಾತಂತ್ರ್ಯದ ನಂತರ ರೇಷನ್ ಸಾಲಿನಲ್ಲಿ ನಿಂತ ದೇಶ ಕಾಳನ್ನು ಭಟ್ಟಿಗೆ ಸುರಿಯುವಂತೆಯೂ ಇರಲಿಲ್ಲ. ಕಾಕಂಬಿಯ ಸ್ಪಿರಿಟಿಗೆ ಕ್ಯಾರಮೆಲ್ ಬಣ್ಣ, ಪರಿಮಳ, ಒಂದಿಷ್ಟು ಮಾಲ್ಟ್ ಸೇರಿ ದೇಶೀ ವಿಸ್ಕಿಯಾಯಿತು. ಬಂಟ್ವಾಳ ಮೂಲದ ವಿಠಲ್ ಮಲ್ಯ 1951ರಲ್ಲಿ ಮ್ಯಾಕ್‌ಡೊವೆಲ್ ಕಂಪನಿಯನ್ನು ಕೊಂಡು, 1968ರಲ್ಲಿ ನಂಬರ್ 1 ವಿಸ್ಕಿಯನ್ನು ಹೊರತಂದು ಈ ಬಗೆಯನ್ನು ಮನೆಮಾತಾಗಿಸಿದರು. ಇಂದಿಗೂ ಲೇಬಲ್ಲಿನ ಮೇಲಿರುವ 42.8 ಎಂಬ ವಿಚಿತ್ರ ಅಂಕಿ ಬ್ರಿಟಿಷ್ ಅಬಕಾರಿಯ ಪಳೆಯುಳಿಕೆ, ಅವರ ಪ್ರೂಫ್ ಲೆಕ್ಕದ 75 ಡಿಗ್ರಿಯನ್ನು ಶೇಕಡಾವಾರಿಗೆ ಇಳಿಸಿದ್ದು. ಅದು ಗುಣದ ಗುರುತಲ್ಲ, ಸುಂಕದವರ ಅಳತೆ. ನೂರಾರು ವರ್ಷ ಬಿಳಿಜೋಳ ಬೆಳೆದ ಸೇಡಂ ಸೀಮೆಗೆ ಕಬ್ಬಿನ ಕಸದಿಂದ ಮಾಡಿದ ವಿಸ್ಕಿ ಬಂದಿತೆಂಬ ವ್ಯಂಗ್ಯವೂ ಇದೆ. ಚೀನಾದಲ್ಲಿ ಜೋಳವನ್ನೇ ಹುದುಗಿಸಿ ಮೌತಾಯಿಯಂಥ ಬೈಜಿಯು ಇಳಿಸುತ್ತಾರೆ. ಈ ಸೀಮೆಯಲ್ಲಿ ಜೋಳ ರೊಟ್ಟಿಯಾಚೆಗೆ ಹೋಗಲಿಲ್ಲ. ಹೋಗದಿದ್ದುದೇ ಒಳ್ಳೆಯದಾಯಿತೆನ್ನುವವರೂ ಇದ್ದಾರು.

ಧಾನ್ಯ ಮರಳಿ ಬಂದದ್ದು ಬೆಂಗಳೂರಿನಲ್ಲಿ. 1948ರಲ್ಲಿ ರಾಧಾಕೃಷ್ಣ ಜಗದಾಳೆ ಶುರುಮಾಡಿದ ಅಮೃತ್ ಡಿಸ್ಟಿಲರೀಸ್ ಎಂಬತ್ತರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ಸ್ಪಿರಿಟ್ ಇಳಿಸಿತು. ಅದೂ ಮೊದಲಿಗೆ ಬೆರಕೆಗೆಂದೇ. ಉತ್ತರ ಭಾರತದ ಬಾರ್ಲಿ, ಮೈಸೂರು ರಸ್ತೆಯ ಕಂಬೀಪುರದ ಭಟ್ಟಿ, ಓಕ್ ಪೀಪಾಯಿ ಸೇರಿ ಮಾಗಿದ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲ್ಯಾಸ್ಗೋದಲ್ಲಿ ಬಿಡುಗಡೆಯಾಯಿತು, ಬೆಂಗಳೂರಿನ ಅಂಗಡಿಗೆ ಬರಲು 2010 ಆಗಬೇಕಾಯಿತು. ಆ ವರ್ಷದ ತನ್ನ ವಿಸ್ಕಿ ಕೈಪಿಡಿಯಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಷನ್ನಿಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟಿದ್ದ. ಹೊಗೆ ಹಿಡಿದ ಸ್ಕಾಟಿಷ್ ಬಾರ್ಲಿ ಕಾಲು ಪಾಲು, ಹೊಗೆಯಿಲ್ಲದ ಭಾರತದ ಬಾರ್ಲಿ ಮುಕ್ಕಾಲು, ಬೇರೆಬೇರೆ ಇಳಿಸಿ ಕೂಡಿಸಿದ್ದು ಆ ವಿಸ್ಕಿ. ಸ್ಕಾಟ್‌ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ ಬೆಂಗಳೂರಿನಲ್ಲಿ ಹತ್ತು ಹನ್ನೆರಡು. ಹಾಗಾಗಿ ಇಲ್ಲಿ ನಾಲ್ಕೈದು ವರ್ಷಕ್ಕೇ ಮರದ ಗುಣ ಇಳಿಯುತ್ತದೆ, ಹನ್ನೆರಡು ವರ್ಷ ಕಾದರೆ ಪೀಪಾಯಿಯಲ್ಲಿ ಉಳಿಯುವುದು ಸ್ವಲ್ಪವೇ. ಲೇಬಲ್ಲಿನ ಮೇಲಿನ ವಯಸ್ಸನ್ನು ನೋಡಿ ರೊಕ್ಕ ಕೊಡುವ ಅಭ್ಯಾಸ ಚಳಿದೇಶದ ಲೆಕ್ಕ; ನಮ್ಮ ಸಿಂಗಲ್ ಮಾಲ್ಟಿಗೆ ಅದನ್ನು ಹಚ್ಚುವುದು ತಪ್ಪು.

ಇತ್ತ ಕಲಬುರಗಿಯ ಕೂಲಿಕಾರರಿಗೆ ವಿಸ್ಕಿ ತಲುಪಿದ್ದು ರುಚಿಯ ದಾರಿಯಲ್ಲಲ್ಲ, ನಿಷೇಧದ ದಾರಿಯಲ್ಲಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ 90 ಮತ್ತು 180 ಮಿಲಿಲೀಟರಿನ ಅಗ್ಗದ ವಿಸ್ಕಿ ಬಂತು, ಆಮೇಲೆ ಟೆಟ್ರಾ ಪ್ಯಾಕೆಟ್ಟಿನಲ್ಲೂ. ಕ್ವಾರ್ಟರ್, ನೈಂಟಿ ಹಳ್ಳಿಯ ಮಾತಾದವು. ಡಿಸ್ಟಿಲರಿ ಘೋಷಿಸುವ ಬೆಲೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿ ರಾಜ್ಯ ಸರ್ಕಾರ ಹೆಚ್ಚುವರಿ ಸುಂಕ ಹಾಕುತ್ತ ಬಂತು. ಕೆಳಗಿನ ಮೆಟ್ಟಿಲಲ್ಲಿ ಕೊಳ್ಳುವವನು ಕೊಡುವ ರೊಕ್ಕದ ದೊಡ್ಡ ಪಾಲು ತೆರಿಗೆ, ದ್ರವದ್ದು ಚಿಕ್ಕದು. 2023ರಲ್ಲಿ ಎಲ್ಲ ಮೆಟ್ಟಿಲಿಗೂ ಏರಿಕೆ. 2024ರಲ್ಲಿ ಮೆಟ್ಟಿಲುಗಳನ್ನು 18ರಿಂದ 16ಕ್ಕೆ ಇಳಿಸಿ, ನೆರೆರಾಜ್ಯಗಳ ದರಕ್ಕೆ ಹೊಂದಿಸಲು ಮೇಲ್ದರ್ಜೆಯ ಮದ್ಯವನ್ನು ಅಗ್ಗ ಮಾಡಿದರು. ಹಿಂದಿನ ದಿನ ದುಬಾರಿಯಾಗಿದ್ದ ಬಾಟಲಿ ಮರುದಿನ ಸೋವಿಯಾದಾಗ ಒಳಗಿನ ಮಾಲು ಬದಲಾಗಿರಲಿಲ್ಲ. ನನ್ನ ವಾದದ ಮುಂದೆ ಗಂಭೀರವಾದ ಆಕ್ಷೇಪ ಒಂದೇ: ಮನೆ ಹಾಳುಮಾಡುವ ವಸ್ತುವಿನ ಬಗೆ, ರುಚಿ, ಲಾಭದ ಮಾತೇಕೆ? 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಹೆಂಗಸರು ಮದ್ಯ ನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದದ್ದು ಸುಮ್ಮನಲ್ಲ. ಆ ಆಕ್ಷೇಪಕ್ಕೆ ನಾನು ಮಣಿಯುತ್ತೇನೆ, ಆದರೆ ಅದು ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಅವರು ದೂರಿದ್ದು ಕೆಳಮೆಟ್ಟಿಲಿನ ಮದ್ಯವನ್ನು, ಅದರ ಮೇಲೆ ನಿಂತ ಆದಾಯವನ್ನು. ಕುಡಿಯುವುದರಲ್ಲಿ ಏನಿದೆ ಎಂದು ಕೇಳುವ ಗಿರಾಕಿ ಅದೇ ಆದಾಯವನ್ನು ಇನ್ನೊಂದು ಬದಿಯಿಂದ ಪ್ರಶ್ನಿಸುತ್ತಾನೆ.

ಹಾಗಾದರೆ ಲೇಬಲ್ಲಿನಲ್ಲಿ ನೋಡಬೇಕಾದ್ದು ಯಾವುದು? ಮೊದಲು ಸ್ಪಿರಿಟ್ ಯಾವುದರದ್ದು ಎಂದು. 1995ರಲ್ಲಿ ಸೀಗ್ರಾಂ ತಂದ ರಾಯಲ್ ಸ್ಟ್ಯಾಗ್, ಬ್ಲೆಂಡರ್ಸ್ ಪ್ರೈಡ್‌ಗಳಿಂದ ಧಾನ್ಯದ ಸ್ಪಿರಿಟಿಗೆ ಆಮದು ಮಾಲ್ಟ್ ಕೂಡಿಸಿದ ಮಧ್ಯಮ ದರ್ಜೆ ಬೆಳೆಯಿತು. ಸೋಡಾದೊಂದಿಗೆ ಕುಡಿಯುವವರಿಗೆ ಅದು ಸಾಲುತ್ತದೆ. ಅದರಿಂದ ಒಂದು ಹೆಜ್ಜೆ ಮೇಲೆ, ಪೀಪಾಯಿ ಸರಕಾಗಿ ಬಂದು ಭಾರತದಲ್ಲಿ ಬಾಟಲಿಗಿಳಿಯುವ ಸ್ಕಾಚ್ ಮಿಶ್ರಣಗಳು: ವ್ಯಾಟ್ 69, ಟೀಚರ್ಸ್, 100 ಪೈಪರ್ಸ್. ಸ್ಕಾಚ್ ಎನಿಸಿಕೊಳ್ಳಲು ಕನಿಷ್ಠ ಮೂರು ವರ್ಷ ಓಕ್‌ನಲ್ಲಿ ಕಳೆದಿರಲೇಬೇಕು, ಅದಕ್ಕೆ ಕಾನೂನಿನ ಜಾಮೀನಿದೆ. ಕೊಟ್ಟ ರೊಕ್ಕದಲ್ಲಿ ನಿಜವಾದ ಧಾನ್ಯ, ಮರ, ಕಾಲಕ್ಕೆ ಹೆಚ್ಚು ಪಾಲು ಸಲ್ಲುವುದು ಇಲ್ಲೇ ಎಂಬುದು ನನ್ನ ಅಂದಾಜು. ಬೂರ್ಬನ್ ತುಂಬಿದ್ದ ಪೀಪಾಯಿಯಿಂದ ವೆನಿಲ್ಲಾ, ಶೆರ‍್ರಿಯದ್ದರಿಂದ ಒಣದ್ರಾಕ್ಷಿ, ಪೀಟ್ ಸುಟ್ಟು ಒಣಗಿಸಿದ ಬಾರ್ಲಿಯಿಂದ ಹೊಗೆ ಎಂಬ ಭೇದಗಳು ಸಿಂಗಲ್ ಮಾಲ್ಟಿನಲ್ಲಿ ಬಿಡಿಬಿಡಿಯಾಗಿ ತಿಳಿಯುತ್ತವೆ, ದರವೂ ಹಾಗೆಯೇ ಏರುತ್ತದೆ. ಒಂದೇ ಮನೆಯವರು ಎರಡೂ ತುದಿಯಲ್ಲಿರಬಹುದು: ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಹಳ್ಳಿಯ ಒರಿಜಿನಲ್ ಚಾಯ್ಸ್ ಕೂಡ ಮಾಡುತ್ತದೆ, 2012ರಿಂದ ಗೋವಾದ ಪಾಲ್ ಜಾನ್ ಸಿಂಗಲ್ ಮಾಲ್ಟನ್ನೂ. 2025ರ ಜುಲೈ 24ರಂದು ಬ್ರಿಟನ್ನಿನೊಂದಿಗೆ ಸಹಿಯಾದ ವ್ಯಾಪಾರ ಒಪ್ಪಂದ ಸ್ಕಾಚಿನ ಆಮದು ಸುಂಕವನ್ನು ಶೇಕಡಾ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸಲು ಒಪ್ಪಿದೆ. ಅದು ಕೇಂದ್ರದ ಸುಂಕ. ಅದರ ಮೇಲೆ ಕೂರುವ ರಾಜ್ಯದ ಅಬಕಾರಿ ಆ ಕಾಗದದಲ್ಲಿಲ್ಲ, ಚಿತ್ತಾಪುರದ ಕ್ವಾರ್ಟರ್ ಕೂಡ ಇಲ್ಲ.