ಕಿಂಡಿ ಕಾಯುವವರ ಚರಿತ್ರೆ

ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಅಂದ್ರೆ ಯಾರು ಅಂತ ದುರ್ಗದ ಕಡೆಯವರಿಗೆ ವಿವರಿಸೋದು ಕಷ್ಟವಲ್ಲ. ಓಬವ್ವನ ಕಿಂಡಿ ನೋಡಿದ್ರೆ ಸಾಕು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದಾಗ ಒನಕೆ ಹಿಡಿದು ನಿಂತವಳ ಕಥೆ ನಮ್ಮ ಭೀಮಸಮುದ್ರದ ಮಕ್ಕಳಿಗೂ ಬಾಯಿಪಾಠ. ಆದರೆ ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಅವಳ ಗಂಡ, ಕಾವಲುಗಾರ ಕಹಳೆ ಮುದ್ದಹನುಮ. ಅವನು ನಮಗೆ ನೆನಪಾಗೋದು ಊಟಕ್ಕೆ ಹೋಗಿದ್ದ ಹೊತ್ತಿಗಾಗಿ ಮಾತ್ರ. ಅದಕ್ಕೂ ಮುಂಚೆ ಅಲ್ಲಿ ನಿಂತು ಕಾದ ದಿನಗಳನ್ನು ಯಾರೂ ಲೆಕ್ಕ ಇಡಲಿಲ್ಲ. ಯಾಕಂದ್ರೆ ಆ ದಿನಗಳಲ್ಲಿ ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಳ್ಳೋದೇ ಅವನ ಕೆಲಸವಾಗಿತ್ತು, ಅಲ್ವಾ?

ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಓದುವಾಗೆಲ್ಲ ನನಗೆ ಈ ಮುದ್ದಹನುಮ ಎದುರಾಗ್ತಾನೆ. ನಮ್ಮ ಚರಿತ್ರೆ ಸಣ್ಣದೇನಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10 ಗೋಲು ಹೊಡೆದಾಗ ನಮ್ಮ ಕಡೆಯಿಂದ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಈಸ್ಟ್ ಬೆಂಗಾಲ್‌ನ ಐವರು ಫಾರ್ವರ್ಡ್‌ಗಳಿಗೆ ಕಲ್ಕತ್ತದ ಜನ ‘ಪಂಚ ಪಾಂಡವರು’ ಅಂತ ಹೆಸರಿಟ್ಟಿದ್ರು. ಅವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಬೆಂಗಳೂರಿನವರೇ. ಗಮನಿಸಿ, ಮೇಲೆ ಹೆಸರು ಬಂದವರೆಲ್ಲ ಫಾರ್ವರ್ಡ್‌ಗಳು! ಪಾಂಡವರ ಬೆನ್ನ ಹಿಂದೆ ನಿಂತವರಿಗೆ ಯಾರೂ ಪುರಾಣದ ಹೆಸರಿಡಲಿಲ್ಲ.

ಹಾಗೆ ಹಿಂದೆ ನಿಂತವರಲ್ಲಿ ಒಬ್ಬರು ಎಂ. ಕೆಂಪಯ್ಯ. ಮೈಸೂರು ರಾಜ್ಯದಿಂದ ಹೋಗಿ ಮೋಹನ್ ಬಗಾನ್‌ಗೆ ಆಡಿದ ಹಾಫ್‌ಬ್ಯಾಕ್. ಹಾಫ್‌ಬ್ಯಾಕ್ ಅಂದ್ರೆ ಇವತ್ತಿನ ಭಾಷೆಯಲ್ಲಿ ಅರ್ಧ ಡಿಫೆಂಡರ್, ಅರ್ಧ ಮಿಡ್‌ಫೀಲ್ಡರ್. ಎದುರಾಳಿ ನುಗ್ಗಿದಾಗ ತಡೆಯಬೇಕು, ಚೆಂಡು ಸಿಕ್ಕಿದ ಮೇಲೆ ಮುಂದಿನವರಿಗೆ ದಾಟಿಸಬೇಕು, ಮತ್ತೆ ಹಿಂದಕ್ಕೆ ಓಡಬೇಕು. ಕೆಂಪಯ್ಯ 1956ರ ಮೆಲ್ಬರ್ನ್ ಮತ್ತು 1960ರ ರೋಮ್, ಎರಡೂ ಒಲಿಂಪಿಕ್ಸ್‌ಗಳ ಭಾರತ ತಂಡದಲ್ಲಿದ್ದರು. ಮೆಲ್ಬರ್ನ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು, ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ಆ ಪಂದ್ಯ ಅಂದ ಕೂಡಲೇ ಎಲ್ಲರೂ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಅಂತಾರೆ. ಸರಿಯೇ. ಇನ್ನು ರೋಮ್: ಹಂಗೇರಿ ಎದುರು 1-2, ಫ್ರಾನ್ಸ್ ಎದುರು 1-1. ಹೆಲ್ಸಿಂಕಿಯಲ್ಲಿ 10 ಗೋಲು ಬಿಟ್ಟುಕೊಟ್ಟಿದ್ದ ದೇಶ ಎಂಟೇ ವರ್ಷದಲ್ಲಿ ಹಂಗೇರಿಯಂಥ ತಂಡವನ್ನು ಎರಡು ಗೋಲಿಗೆ ನಿಲ್ಲಿಸಿತ್ತು. ಬೂಟು ಬಂದಿತ್ತು, ಕೋಚ್ ರಹೀಮ್ ಸಾಹೇಬರ ಯೋಜನೆ ಇತ್ತು, ನಿಜ. ಆದರೆ ಮೈದಾನದಲ್ಲಿ ಕಾಲು ಅಡ್ಡ ಕೊಟ್ಟವರೂ ಇದ್ದರಲ್ಲ?

ಈಗಿನ ಕಾಲಕ್ಕೆ ಬರೋಣ. ನನ್ನ ತಲೆಮಾರಿನವರು ಕಂಡ ಮುದ್ದಹನುಮ ರಾಹುಲ್ ಭೇಕೆ. ಕನ್ನಡದವರಲ್ಲ, ಮುಂಬೈಯವರು. ಆದರೆ ಬೆಂಗಳೂರಿಗೆ ಆಡಿದ ಡಿಫೆಂಡರ್‌ಗಳಲ್ಲಿ ಇವರ ದಾರಿಯಷ್ಟು ಪಾಠ ಕಲಿಸೋದು ನನಗೆ ಬೇರೆ ಕಾಣಲಿಲ್ಲ. ಈಸ್ಟ್ ಬೆಂಗಾಲ್, 2015ರಲ್ಲಿ ಕೇರಳ ಬ್ಲಾಸ್ಟರ್ಸ್, 2016ರಲ್ಲಿ ಪುಣೆ ಸಿಟಿ, 2017ರಲ್ಲಿ ಬೆಂಗಳೂರು, 2021ರಲ್ಲಿ ಮುಂಬೈ ಸಿಟಿ, 2024ರಲ್ಲಿ ಮತ್ತೆ ಬೆಂಗಳೂರು. ಶುರುವಿನಲ್ಲಿ ಈ ಓಡಾಟಕ್ಕೆ ಒಂದು ಕಾರಣವಿತ್ತು. ಆಗ ಐಎಸ್‌ಎಲ್ ನಡೀತಿದ್ದದ್ದು ವರ್ಷದ ಕೊನೆಯ ಎರಡು-ಮೂರು ತಿಂಗಳು ಮಾತ್ರ, ಐ-ಲೀಗ್ ಅದರ ನಂತರ. ಹಾಗಾಗಿ ಒಬ್ಬ ಆಟಗಾರ ಒಂದೇ ವರ್ಷದಲ್ಲಿ ಎರಡು ಊರಿನ ಅಂಗಿ ಹಾಕ್ತಿದ್ದ. ಇದಕ್ಕೆ ‘ಲೋನ್’ ಅಂತಾರೆ. ಉಳುಮೆಗೆ ಪಕ್ಕದ ಮನೆಯಿಂದ ಎತ್ತು ಕೇಳಿ ತಂದ ಹಾಗೆ, ಕೆಲಸ ಮುಗಿದ ಮೇಲೆ ವಾಪಸ್ಸು.

2018ರ ಮಾರ್ಚ್ 17. ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್. ಬೆಂಗಳೂರು ತನ್ನ ಮನೆಯಲ್ಲೇ ಚೆನ್ನೈಯಿನ್ ಎದುರು 2-3ರಿಂದ ಸೋತಿತು. ಅದರಲ್ಲಿ ಎರಡು ಗೋಲು ಕಾರ್ನರ್‌ನಿಂದ ಬಂದವು, ಎರಡನ್ನೂ ತಲೆಯಿಂದ ಹೊಡೆದದ್ದು ಚೆನ್ನೈಯಿನ್ ಡಿಫೆಂಡರ್ ಮೈಲ್ಸನ್. ಸರಿಯಾಗಿ ಒಂದು ವರ್ಷ ಕಳೆದು, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಮತ್ತೆ ಫೈನಲ್, ಎದುರಿಗೆ ಗೋವಾ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ 117ನೇ ನಿಮಿಷ ಕಾರ್ನರ್ ಬಂತು, ಭೇಕೆ ತಲೆ ಕೊಟ್ಟರು, 1-0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್. ಅದೇ ವರ್ಷದ ಜೂನ್‌ನಲ್ಲಿ, 28ರ ವಯಸ್ಸಿನಲ್ಲಿ, ಅವರಿಗೆ ಮೊದಲ ಸಲ ಭಾರತದ ಅಂಗಿ ಸಿಕ್ಕಿತು. ಎಷ್ಟೋ ಫಾರ್ವರ್ಡ್‌ಗಳು ಆ ವಯಸ್ಸಿಗೆ ಭಾರತಕ್ಕೆ ಆಡಿ ಮನೆಗೆ ಬಂದಿರ್ತಾರೆ!

ಇನ್ನೊಂದು ವಿಚಿತ್ರ ಕೇಳಿ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ನಲ್ಲಿ ಬೆಂಗಳೂರನ್ನು 1-0ರಿಂದ ಸೋಲಿಸಿದ್ದು ಇರಾಕಿನ ಏರ್ ಫೋರ್ಸ್ ಕ್ಲಬ್. ಆಗ ಭೇಕೆ ಬೆಂಗಳೂರಿನಲ್ಲಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಅದೇ ಏರ್ ಫೋರ್ಸ್ ಕ್ಲಬ್ ಎದುರು ಮುಂಬೈ ಸಿಟಿ 2-1ರಿಂದ ಗೆದ್ದಿತು. ಏಷ್ಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಭಾರತದ ಕ್ಲಬ್ ಒಂದರ ಮೊದಲ ಗೆಲುವು ಅದು. ಗೆಲುವಿನ ಗೋಲು ಭೇಕೆಯದು, ಮತ್ತೆ ತಲೆಯಿಂದ. ಈಗ ಅವರ ಹೆಸರು ಹುಡುಕಿದ್ರೆ ಈ ಎರಡು ಗೋಲುಗಳೇ ಮೊದಲು ಸಿಗುತ್ತವೆ. ಅಂದ್ರೆ ಡಿಫೆಂಡರ್ ಕೂಡ ಚರಿತ್ರೆ ಸೇರೋದು ತನ್ನ ಕೆಲಸದಿಂದಲ್ಲ, ಬೇರೆಯವರ ಕೆಲಸ ಮಾಡಿದ ಎರಡು ಗಳಿಗೆಯಿಂದ. ಓಬವ್ವನಂತೆ.

ಇದು ಬರೀ ಹೆಸರಿನ ಮಾತಾಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಹೊಟ್ಟೆಪಾಡಿನ ಮಾತೂ ಇದೆ. ಒಂದು ಕಾಲದಲ್ಲಿ ಬೆಂಗಳೂರಿನ ಆಟಗಾರರಿಗೆ ಎಚ್‌ಎಎಲ್, ಐಟಿಐ ಥರದ ಕಾರ್ಖಾನೆಗಳ ತಂಡಗಳಿದ್ದವು. ಚೆಂಡು ಒದ್ದರೆ ನೌಕರಿ, ಕಾಲು ಸೋತ ಮೇಲೂ ತಿಂಗಳ ಸಂಬಳ. ಈಗ ದುಡ್ಡು ಜಾಸ್ತಿ, ಆದರೆ ಕರಾರು ಮುಗಿಯೋವರೆಗೆ ಮಾತ್ರ. 2025ರ ಜುಲೈನಲ್ಲಿ ಲೀಗ್ ಹಕ್ಕಿನ ಜಗಳದಿಂದ ಐಎಸ್‌ಎಲ್ ಋತುವನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ದೊಡ್ಡ ಸ್ಟಾರ್‌ಗಳು ಹೇಗೋ ದಾಟ್ಕೋತಾರೆ. ಊರಿಂದೂರಿಗೆ ಅಂಗಿ ಬದಲಿಸುತ್ತ, ಒಂದೊಂದು ಕರಾರಿನ ಮೇಲೆ ಮನೆ ನಡೆಸುವ ಸಾಮಾನ್ಯ ಡಿಫೆಂಡರ್‌ಗೆ ಒಂದು ಋತು ನಿಂತರೆ ಅದು ಬದುಕಿನ ಹತ್ತನೇ ಒಂದು ಭಾಗ. ಆಡೋ ವಯಸ್ಸು ಇರೋದೇ ಅಷ್ಟು.

ಅಡಿಕೆ ರೇಟು ಬಿದ್ದ ವರ್ಷ ನಮ್ಮೂರಿನ ರೈತ ಮರ ಕಡಿಯಲ್ಲ, ಮುಂದಿನ ವರ್ಷ ನೋಡೋಣ ಅಂತಾನೆ. ಕಾಲಿಗೆ ಮುಂದಿನ ವರ್ಷ ಇರೋದಿಲ್ಲ.

2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು, ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2. ಮೂರು ಗೋಲು ಹೊಡೆದವರನ್ನು ಹೊಗಳೋಣ, ಖಂಡಿತ. ಆದರೆ ಮೇಘಾಲಯಕ್ಕೆ ಮೂರನೇ ಗೋಲು ಸಿಗದ ಹಾಗೆ ಕೊನೆಯವರೆಗೂ ನಿಂತಿದ್ದು ಯಾರು? ಮುಂದಿನ ಸಲ ಪಂದ್ಯ ನೋಡುವಾಗ ಒಂದು ಹತ್ತು ನಿಮಿಷ ಚೆಂಡು ಬಿಟ್ಟು ಹಿಂದೆ ನಿಂತ ನಾಲ್ವರನ್ನು ನೋಡಿ. ಕಿಂಡಿ ಅಲ್ಲೇ ಇರುತ್ತೆ.